ಮ್ಯೂನಿಕ್‌ನಲ್ಲಿ ಕಾಂಡಿನ್‌ಸ್ಕಿಯ ಕಲ್ಲಚ್ಚು

ಮ್ಯೂನಿಕ್‌ಗೆ ಬಂದ ನೆಂಟರು, ಗೆಳೆಯರು ಲೆನ್‌ಬಾಕ್‌ಹೌಸ್ ಮ್ಯೂಸಿಯಂನಲ್ಲಿ ರಷ್ಯನ್ ಚಿತ್ರಕಾರ ಕಾಂಡಿನ್‌ಸ್ಕಿಯ ದೊಡ್ಡ ತೈಲಚಿತ್ರಗಳನ್ನು ನೋಡಿ ಹೋಗುತ್ತಾರೆ. ನೋಡಲೇಬೇಕಾದವೇ. ಆದರೆ ಇಲ್ಲಿ ನೆಲೆಸಿದ ಮೇಲೆ ನಾನು ಜಾಸ್ತಿ ಹಚ್ಚಿಕೊಂಡಿದ್ದು ಕಾಗದದ ಮೇಲಿನ ಅವರ ಒಂದು ಪುಟ್ಟ ಕೆಲಸವನ್ನು. 1922ರಲ್ಲಿ ಮಾಡಿದ 'ಕ್ಲೈನೆ ವೆಲ್ಟೆನ್', ಅಂದರೆ 'ಪುಟ್ಟ ಜಗತ್ತುಗಳು'. ಒಟ್ಟು 12 ಅಚ್ಚುಚಿತ್ರಗಳು. ಅವುಗಳಲ್ಲಿ ನನಗೆ ಅಚ್ಚುಮೆಚ್ಚು ಬಣ್ಣದ ಲಿಥೋಗ್ರಾಫ್‌ಗಳು, ನಮ್ಮ ಕಲ್ಲಚ್ಚು. ಮರ, ಮನುಷ್ಯ, ಮನೆ ಏನೂ ಇಲ್ಲ. ವೃತ್ತ, ಓರೆ ಗೆರೆ, ಬಣ್ಣ, ಅಷ್ಟೇ.

"ಪ್ರಿಂಟ್ ತಾನೇ? ಪೋಸ್ಟರ್‌ಗಿಂತ ಏನು ಹೆಚ್ಚು?" ಅಂತ ಕೇಳುವವರು ಇದ್ದಾರೆ. ತುಂಬಾ ಹೆಚ್ಚು. ಪೋಸ್ಟರ್ ಎಂದರೆ ಈಗಾಗಲೇ ಇರುವ ಚಿತ್ರದ ಫೋಟೋ. ಕಲ್ಲಚ್ಚಿಗೆ ಹಿಂದೆ ಇನ್ನೊಂದು ಮೂಲ ಚಿತ್ರವೇ ಇರುವುದಿಲ್ಲ. ಕಲಾವಿದ ಜಿಡ್ಡಿನ ಕಡ್ಡಿಯಿಂದ ನುಣುಪಾದ ಸುಣ್ಣಕಲ್ಲಿನ ಮೇಲೆ ಬರೆಯುತ್ತಾನೆ. ಆಮೇಲೆ ಕಲ್ಲಿಗೆ ಗೋಂದು, ಚೂರು ಆಮ್ಲ ಸವರುತ್ತಾರೆ. ಕಲ್ಲನ್ನು ನೀರಿನಿಂದ ಒದ್ದೆ ಮಾಡಿ ಶಾಯಿಯ ರೋಲರ್ ಉರುಳಿಸಿದರೆ, ಒದ್ದೆ ಜಾಗ ಶಾಯಿಯನ್ನು ದೂರ ತಳ್ಳುತ್ತದೆ, ಜಿಡ್ಡು ಹಿಡಿದುಕೊಳ್ಳುತ್ತದೆ. ಮೇಲೆ ಕಾಗದ ಒತ್ತಿದರೆ ಚಿತ್ರ ಮೂಡುತ್ತದೆ. ಕೆತ್ತನೆಯೇ ಇಲ್ಲ! ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ ಎಂಬುದರ ಮೇಲೆ ಇಡೀ ಕಲೆ ನಿಂತಿದೆ.

ಬಣ್ಣ ಬಂದರೆ ಕಷ್ಟ ಹೆಚ್ಚು. ಒಂದೊಂದು ಬಣ್ಣಕ್ಕೂ ಬೇರೆ ಬೇರೆಯಾಗಿ ಬರೆಯಬೇಕು, ಅದೂ ಎಡಬಲ ತಿರುಗಿಸಿ. ಅದೇ ಕಾಗದವನ್ನು ಮತ್ತೆ ಮತ್ತೆ ಕೂದಲೆಳೆಯಷ್ಟೂ ತಪ್ಪದಂತೆ ಕೂರಿಸಬೇಕು. ಹಳದಿಯ ಮೇಲೆ ನೀಲಿ ಬಿದ್ದಲ್ಲಿ ಹಸಿರು ತಾನಾಗಿ ಹುಟ್ಟುತ್ತದೆ. ಅದನ್ನು ಮೊದಲೇ ಮನಸ್ಸಿನಲ್ಲಿ ಕಂಡಿರಬೇಕು, ಅಲ್ವಾ?

ಈ ತಂತ್ರ ಹುಟ್ಟಿದ್ದೂ ಇದೇ ನೆಲದಲ್ಲಿ. 1790ರ ದಶಕದ ಕೊನೆಯಲ್ಲಿ ತನ್ನ ನಾಟಕಗಳನ್ನು ಅಗ್ಗವಾಗಿ ಅಚ್ಚು ಹಾಕಲು ಹೊರಟ ಅಲೋಯ್ಸ್ ಸೆನೆಫೆಲ್ಡರ್ ಇದನ್ನು ಕಂಡುಹಿಡಿದ. ಅವನ ಸಮಾಧಿ ಮ್ಯೂನಿಕ್‌ನಲ್ಲೇ ಇದೆ. ಅದಕ್ಕೆ ಬಳಸಿದ ಕಲ್ಲು ಇದೇ ಬವೇರಿಯಾ ರಾಜ್ಯದ ಜೋಲ್ನ್‌ಹೋಫನ್‌ನದು. ಆರ್ಕಿಯಾಪ್ಟೆರಿಕ್ಸ್ ಎಂಬ ಆದಿ ಹಕ್ಕಿಯ ಗುರುತು ಸಿಕ್ಕಿದ್ದೂ ಆ ಸೀಮೆಯ ಕಲ್ಲಿನ ಪದರಗಳಲ್ಲೇ. ಅಷ್ಟು ನುಣುಪಾದ ಕಲ್ಲು ಅದು.

ಕಾಂಡಿನ್‌ಸ್ಕಿಯೂ ಹೊರಗಿನಿಂದ ಬಂದವರು. ಕಾನೂನಿನ ವೃತ್ತಿ ಬಿಟ್ಟು 1896ರಲ್ಲಿ ಚಿತ್ರಕಲೆ ಕಲಿಯಲು ಮಾಸ್ಕೋದಿಂದ ಮ್ಯೂನಿಕ್‌ಗೆ ಬಂದರು. 1914ರಲ್ಲಿ ಯುದ್ಧ ಶುರುವಾದಾಗ ರಷ್ಯನ್ ಆದ ಕಾರಣ ದೇಶ ಬಿಡಬೇಕಾಯಿತು. 1921ರ ಕೊನೆಗೆ ಜರ್ಮನಿಗೆ ಮರಳಿ, ಮರುವರ್ಷ ವೈಮಾರ್‌ನ ಬೌಹೌಸ್ ಎಂಬ ಕಲೆ, ವಿನ್ಯಾಸದ ಶಾಲೆ ಸೇರಿದರು. ಈ ಸರಣಿ ತಯಾರಾಗಿದ್ದು ಅದೇ ಊರಿನಲ್ಲಿ. ಅಷ್ಟೆಲ್ಲ ಅಲೆದ ಮೇಲೂ ಆ ಬಣ್ಣಗಳಲ್ಲಿ ಎಷ್ಟು ಲವಲವಿಕೆ ಇದೆ ಎಂದು ನನಗೆ ಪ್ರತಿಸಲ ಅನಿಸುತ್ತದೆ.

ಕಾಗದದ ಚಿತ್ರಗಳು ಬೆಳಕಿಗೆ ಮಾಸುತ್ತವೆ. ಹಾಗಾಗಿ ಮ್ಯೂಸಿಯಂನವರು ಅವನ್ನು ವರ್ಷವಿಡೀ ತೂಗುಹಾಕುವುದಿಲ್ಲ, ಹಾಕಿದಾಗಲೂ ದೀಪ ಮಂದವಾಗಿರುತ್ತದೆ. ನೀವು ಈ ಕಡೆ ಬರುವುದಾದರೆ ಏನು ಪ್ರದರ್ಶನವಿದೆ ಎಂದು ಮೊದಲೇ ವಿಚಾರಿಸಿ. ಸಿಕ್ಕರೆ ಆತುರ ಬೇಡ. ಕಣ್ಣು ಮಂದ ಬೆಳಕಿಗೆ ಹೊಂದಿಕೊಳ್ಳಲಿ. ಆಮೇಲೆ ಹತ್ತಿರ ಹೋಗಿ, ಎರಡು ಬಣ್ಣ ಒಂದರ ಮೇಲೊಂದು ಬಿದ್ದ ಅಂಚನ್ನು ನೋಡಿ. ಯಾವುದು ಮೊದಲು ಬಿತ್ತು, ಯಾವುದು ಆಮೇಲೆ ಎಂದು ಅಲ್ಲಿಂದಲೇ ಲೆಕ್ಕ ಹಾಕಬಹುದು.