ಕಾಫಿ ಆರುವಷ್ಟು ಹೊತ್ತು

ಚಿತ್ರ ನಿರ್ದೇಶಕ ಗಿರೀಶ ಕಾಸರವಳ್ಳಿಯವರು ಮೈಸೂರಿನ ಕಾಲೇಜೊಂದರಲ್ಲಿ ಪ್ರೇಕ್ಷಕರೊಡನೆ ಮಾತನಾಡಲು ಬರುತ್ತಾರೆಂದು ತಿಳಿದಾಗ ನಾನು ಮಂಡ್ಯದ ಸರ್ಕಾರಿ ಕಚೇರಿಯೊಂದರಲ್ಲಿ ಪಿಂಚಣಿ ಕಡತಗಳ ವಿಷಯ ನಿರ್ವಾಹಕನಾಗಿದ್ದೆ. ಅವರ ‘ಘಟಶ್ರಾದ್ಧ’ಕ್ಕೆ 1977ರ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿಯಾದ ಸ್ವರ್ಣಕಮಲ ಬಂದದ್ದು ಎಲ್ಲರಿಗೂ ಗೊತ್ತು, ನನ್ನನ್ನು ಕಾಡಿದ್ದು 1986ರ ‘ತಬರನ ಕಥೆ’. ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಆಧರಿಸಿದ ಆ ಚಿತ್ರದಲ್ಲಿ, ಜೀವಮಾನವೆಲ್ಲ ಸರ್ಕಾರವನ್ನೇ ನಂಬಿದ ತಬರ ಪಿಂಚಣಿಗಾಗಿ ಅಲೆಯುತ್ತಿರುವಾಗಲೇ ಸಕ್ಕರೆ ಕಾಯಿಲೆಯ ಹೆಂಡತಿಯ ಕಾಲಿನ ಗಾಯ ಬಲಿಯುತ್ತ ಹೋಗುತ್ತದೆ. ಚಾರುಹಾಸನ್ ಅವರಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಪಾತ್ರವದು. ಆದರೆ ನನ್ನ ಕಣ್ಣು ನೆಟ್ಟದ್ದು ಮೇಜಿನ ಆಚೆ ಕುಳಿತವರ ಮೇಲೆ. ‘ನಾಳೆ ಬನ್ನಿ’ ಎಂದು ನಾನೂ ಎಷ್ಟು ಜನರಿಗೆ ಹೇಳಿದ್ದೆನೋ.

ಮಂಡ್ಯದಿಂದ ಹೊರಟ ರೈಲಿನಲ್ಲಿ, ಶ್ರೀರಂಗಪಟ್ಟಣ ದಾಟುವವರೆಗೂ, ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಸಂವಾದದಲ್ಲಿ ವಿದ್ಯಾರ್ಥಿಗಳು ಕ್ಯಾಮೆರಾದ ಬಗ್ಗೆ, ಸಾಹಿತ್ಯ ಕೃತಿಯನ್ನು ಸಿನಿಮಾ ಮಾಡುವ ಬಗ್ಗೆ ಚೆನ್ನಾಗಿಯೇ ಕೇಳಿದರು. ನಾನು ಕೈ ಎತ್ತಲಿಲ್ಲ. ಆಮೇಲೆ ಜಗುಲಿಯಲ್ಲಿ ಕಾಫಿ ಕೊಟ್ಟಾಗ, ಲೋಟ ಹಿಡಿದು ಬೆಂಚಿನ ಮೇಲೆ ಕುಳಿತಿದ್ದ ಅವರು ಕೊಂಚ ಸರಿದು ನನಗೂ ಜಾಗ ಮಾಡಿಕೊಟ್ಟರು. ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಬಂದದ್ದು ಒಂದು ಕಡತದ ಕಥೆ: ಒಬ್ಬ ನಿವೃತ್ತ ನೌಕರರ ಸೇವಾ ಪುಸ್ತಕದಲ್ಲಿ ವೇತನ ಬಡ್ತಿಯ ಒಂದು ನಮೂದಿಗೆ ಅಧಿಕಾರಿಯ ಸಹಿ ಇರಲಿಲ್ಲವೆಂದು ನಾನು ಷರಾ ಬರೆದು ಹಿಂತಿರುಗಿಸಿದ್ದು, ಆ ಅಧಿಕಾರಿ ತೀರಿಕೊಂಡು ವರ್ಷಗಳೇ ಆಗಿದ್ದುದು, ಚಿತ್ರ ನೋಡಿದ ಮಾರನೆಯ ದಿನ ನಾನೇ ಹಳೆಯ ವೇತನ ಪಟ್ಟಿಗಳನ್ನು ಹುಡುಕಿ ತೆಗೆದು ದೃಢೀಕರಣ ಮಾಡಿಸಿ ಬೆಂಗಳೂರಿನ ಮಹಾಲೇಖಪಾಲರ ಕಚೇರಿಗೆ ಕಳುಹಿಸಿದ್ದು. ಹೇಳುವಾಗ ನನ್ನ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಅವರು ನಡುವೆ ಬಾಯಿ ಹಾಕದೆ ಕೇಳಿದರು. ಕಾಫಿ ಆರಿಹೋಗಿತ್ತು. ಕೊನೆಗೆ, ಅವರಿಗೆ ಪಿಂಚಣಿ ಬಂತೇ ಎಂದಷ್ಟೇ ವಿಚಾರಿಸಿದರು.

ನನಗೆ ಗೊತ್ತಿರಲಿಲ್ಲ. ಕಡತ ನನ್ನ ಮೇಜಿನಿಂದ ಹೋದ ಮೇಲೆ ನಾನು ವಿಚಾರಿಸಿರಲೇ ಇಲ್ಲ. ಅಷ್ಟರಲ್ಲಿ ಸಂಘಟಕರು ಬಂದು ಅವರನ್ನು ಕರೆದೊಯ್ದರು.

ಸೋಮವಾರ ಕಚೇರಿಗೆ ಹೋದವನೇ ರವಾನೆ ವಹಿಯನ್ನು ತೆರೆದು, ಆ ಕಡತದ ಸಂಖ್ಯೆಯನ್ನು ಹುಡುಕತೊಡಗಿದೆ.