‘ಸೆಕೆ ಹೋಗುದಿಲ್ಲ’: ನಮ್ಮ ಬೇಸಿಗೆ ರ‍್ಯಾಪ್ ಹಾಡು ಎಲ್ಲಿಯವರೆಗೆ ಬಂತು

ಮಾರ್ಚ್ ಕೊನೆಯ ವಾರ

ಕಾರವಾರದ ಟಾಗೋರ್ ಕಡಲತೀರದ ಹತ್ತಿರ ಗಾಡಿಯಲ್ಲಿ ಕೋಕಂ ಶರಬತ್ತು ಮಾರುವ ಅಕ್ಕ ಗಿರಾಕಿಯೊಬ್ಬರಿಗೆ ಹೇಳಿದ ಮಾತು ವಿಡಿಯೊ ಆಗಿ ಈಗ ನಮ್ಮೂರಿನವರ ಫೋನುಗಳಲ್ಲೆಲ್ಲ ಓಡಾಡುತ್ತಿದೆ: “ಸೆಕೆ ಹೋಗುದಿಲ್ಲ, ಕುಡ್ಕಂಡ್ ಹೋಗಿ!” ‘ಹೋಗು’ ಎಂಬ ಒಂದೇ ಕ್ರಿಯಾಪದ ಮೊದಲು ಸೆಕೆಗೂ ಆಮೇಲೆ ಗಿರಾಕಿಗೂ ಸಲ್ಲುವ ಈ ಮಾತನ್ನು ಕೇಳಿದ ದಿನವೇ, ಇದು ಹಾಡಿನ ಪಲ್ಲವಿಯಾಗಬೇಕೆಂದು ಗೆಳೆಯನೂ ನಾನೂ ತೀರ್ಮಾನಿಸಿದೆವು. ಮಾತು ಅವರದಾದ್ದರಿಂದ ಮೊದಲು ಅವರನ್ನೇ ಕೇಳಿದೆವು. “ಹಾಡಿ, ಅಡ್ಡಿಲ್ಲ. ಆದ್ರೆ ಮುಗಿದ ಮೇಲೆ ಮೊದಲು ನಂಗೆ ಕೇಳಿಸ್ಬೇಕು” ಎಂದರು. ಹಣ ಬಂದರೆ ಅವರಿಗೂ ಪಾಲು ಕೊಡುವುದೆಂದು ನಾವು ಅಂದೇ ಬರೆದಿಟ್ಟುಕೊಂಡಿದ್ದೇವೆ.

ಏಪ್ರಿಲ್ ಮೊದಲ ಎರಡು ವಾರ

ಈ ಹದಿನೈದು ದಿನಗಳೂ ಒಂದೇ ಸಾಲಿಗೆ ಹೋದವು. ವಿಡಿಯೊದಲ್ಲಿ ಅಕ್ಕ ಆ ಮಾತು ಮುಗಿಸಲು ಹೆಚ್ಚುಕಡಿಮೆ ಎರಡೂವರೆ ಸೆಕೆಂಡು ತೆಗೆದುಕೊಳ್ಳುತ್ತಾರೆ. ನಿಮಿಷಕ್ಕೆ 92 ಬಡಿತದ ಲಯದಲ್ಲಿ ನಾಲ್ಕು ಬಡಿತದ ಒಂದು ಆವರ್ತಕ್ಕೆ 2.6 ಸೆಕೆಂಡು ಆಗುವುದರಿಂದ, ಅವರ ಮಾತಿನ ವೇಗವನ್ನು ಕೆಡಿಸದೆ ಅದೇ ಲಯವನ್ನು ಹಿಡಿದೆವು. ಶಾಲೆಯಲ್ಲಿ ಕಲಿತ ಲಘು-ಗುರು ಇಲ್ಲಿ ನಿಜವಾಗಿಯೂ ಕೆಲಸಕ್ಕೆ ಬಂತು. ‘ಸೆಕೆ ಹೋಗುದಿಲ್ಲ’ ಎಂಬುದಕ್ಕೆ ಎಂಟು ಮಾತ್ರೆ, ‘ಕುಡ್ಕಂಡ್ ಹೋಗಿ’ ಎಂಬುದಕ್ಕೆ ಏಳು. ಒಂದು ಮಾತ್ರೆಯ ಮೌನ ಸೇರಿದರೆ ಹದಿನಾರು, ಅಂದರೆ ಬಡಿತಕ್ಕೆ ನಾಲ್ಕು ಮಾತ್ರೆಯಂತೆ ಸರಿಯಾಗಿ ಒಂದು ಆವರ್ತ.

ಆದರೂ ಹಾಡಿದಾಗ ಮಾತು ಎಡವುತ್ತಿತ್ತು. ರ‍್ಯಾಪಿನಲ್ಲಿ ಸ್ನೇರ್ ಎಂಬ ಚುರುಕು ದನಿಯ ಡ್ರಮ್ಮಿನ ಪೆಟ್ಟು ಎರಡನೆಯ ಮತ್ತು ನಾಲ್ಕನೆಯ ಬಡಿತಕ್ಕೆ, ಅಂದರೆ ಐದನೆಯ ಮತ್ತು ಹದಿಮೂರನೆಯ ಮಾತ್ರೆಗೆ ಬೀಳುತ್ತದೆ. ಆವರ್ತದ ಆರಂಭದಿಂದಲೇ ಹಾಡಿದರೆ ಐದನೆಯ ಮಾತ್ರೆಯಲ್ಲಿ ಸಿಗುವುದು ‘ಗು’ ಎಂಬ ಬಡಪಾಯಿ ಲಘು. ಎರಡು ಮಾತ್ರೆ ಬಿಟ್ಟು ಎತ್ತಿಕೊಂಡ ತಕ್ಷಣ ಮೊದಲ ಸ್ನೇರ್ ‘ಹೋ’ ಮೇಲೆ, ಎರಡನೆಯದು ‘ಕಂಡ್’ ಮೇಲೆ ಕುಳಿತು, ಕೊನೆಯ ‘ಗಿ’ ಮುಂದಿನ ಆವರ್ತದ ಮೊದಲ ಪೆಟ್ಟಿಗೆ ಬಂದು ಬಿತ್ತು. ಆ ರಾತ್ರಿ ನಾವಿಬ್ಬರೂ ಆ ಸಾಲನ್ನು ಎಷ್ಟು ಸಲ ಹಾಡಿದೆವೆಂಬ ಲೆಕ್ಕ ಉಳಿದಿಲ್ಲ.

ಏಪ್ರಿಲ್ ಮೂರನೆಯ ವಾರ

ತಾಳಕ್ಕೆ ಮಡಕೆಯ ವಾದ್ಯವಾದ ಗುಮಟೆ ಬೇಕೆಂಬುದು ನನ್ನ ಹಟವಾಗಿತ್ತು. ಅಂಕೋಲೆಯ ಕಡೆಯ ಪರಿಚಯದವರೊಬ್ಬರು ಆಡಿನ ಚರ್ಮ ಬಿಗಿದ ತಮ್ಮ ಗುಮಟೆಯನ್ನು ತಂದು ನುಡಿಸಿಕೊಟ್ಟರು. ಒಂದು ಕೈ ಚರ್ಮದ ಮೇಲೆ ಆಡುತ್ತಿರುವಾಗ ಇನ್ನೊಂದು ಕೈ ಮಡಕೆಯ ಸಣ್ಣ ಬಾಯಿಯನ್ನು ಮುಚ್ಚಿ ತೆರೆಯುತ್ತದೆ. ಆಗ ನಾದ ಒಳಗೆ ಗುಳುಕ್ ಎಂದು ತಿರುಗಿ ಹೊರಬರುತ್ತದೆ. 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ಹಾಡುಗಳ ತಾಳದ ತುಣುಕನ್ನೇ ಮತ್ತೆ ಮತ್ತೆ ನುಡಿಸಿ ಜನರನ್ನು ಕುಣಿಸಿದ ಹಾಗೆ, ನಾವೂ ಗುಮಟೆಯ ಎರಡು ಆವರ್ತಗಳನ್ನು ಕತ್ತರಿಸಿ ಇಡೀ ಹಾಡಿಗೆ ಸುತ್ತು ಹಾಕಿದ್ದೇವೆ. ಗುಮಟೆ ನುಡಿಸುತ್ತ ಹಾಡುವ ನಮ್ಮ ಕಡೆಯ ಹಾಲಕ್ಕಿ ಸಮುದಾಯದವರ ಜನಪದ ಹಾಡುಗಳನ್ನು ಮಾತ್ರ ಮುಟ್ಟಲಿಲ್ಲ. 2017ರಲ್ಲಿ ಪದ್ಮಶ್ರೀ ಪಡೆದ ಸುಕ್ರಿ ಬೊಮ್ಮಗೌಡರಂಥವರು ಬಾಯಿಂದ ಬಾಯಿಗೆ ಉಳಿಸಿಕೊಟ್ಟ ಹಾಡುಗಳನ್ನು ಶರಬತ್ತಿನ ಹಾಡಿನ ನಡುವೆ ಅಲಂಕಾರಕ್ಕೆ ತುರುಕುವುದು ನನಗೆ ಸರಿ ಕಾಣುವುದಿಲ್ಲ.

ಏಪ್ರಿಲ್ ಕೊನೆಯ ವಾರ

ನನ್ನ ಕೋಣೆಯಲ್ಲಿ ಧ್ವನಿಮುದ್ರಣ ನಡೆಯಿತು. ಫ್ಯಾನಿನ ಸದ್ದು ಮೈಕಿಗೆ ಸೇರುತ್ತಿದ್ದುದರಿಂದ ಅದನ್ನು ನಿಲ್ಲಿಸಿ, ಕಿಟಕಿಗೆ ಕಂಬಳಿ ಕಟ್ಟಿ, ಬೆವರು ಒರೆಸಿಕೊಳ್ಳುತ್ತ ಹದಿನಾರು ಆವರ್ತಗಳ ಎರಡು ಚರಣಗಳನ್ನು ಮುಗಿಸಿದೆವು. ಹಾಡು ಒಟ್ಟು 2 ನಿಮಿಷ 36 ಸೆಕೆಂಡು ಇದೆ. ಹೆಡ್‌ಫೋನಿನಲ್ಲಿ ತುಂಬಿಕೊಂಡು ಕೇಳುತ್ತಿದ್ದ 808 ಬೇಸ್ (808 ಎಂಬ ಡ್ರಮ್ ಯಂತ್ರದ ತಗ್ಗಿನ ನಾದ) ಫೋನಿನ ಸ್ಪೀಕರಿನಲ್ಲಿ ಪೂರ್ತಿ ಮಾಯವಾಯಿತು, ಏಕೆಂದರೆ ಅಷ್ಟು ಸಣ್ಣ ಸ್ಪೀಕರು ಅಷ್ಟು ತಗ್ಗಿನ ನಾದವನ್ನು ಹೊರಡಿಸಲಾರದು. ಆ ಬೇಸ್ ನಾದಕ್ಕೆ ಸ್ವಲ್ಪ ಡಿಸ್ಟಾರ್ಶನ್ ಕೊಟ್ಟು, ಅಂದರೆ ದನಿಯನ್ನು ತುಸು ಒಡೆದು, ಮೇಲಿನ ಸ್ವರಾಂಶಗಳನ್ನು ಎಬ್ಬಿಸಿದ ಮೇಲೆ ಸರಿಹೋಯಿತು.

ಮೇ ಮೊದಲ ವಾರ

ಜೂನ್ 1ರಿಂದ ಯಂತ್ರದೋಣಿಗಳ ಮೀನುಗಾರಿಕೆಗೆ ನಿಷೇಧ ಶುರುವಾಗುತ್ತದೆ, ಮಳೆಯೂ ಹಿಂದೆಯೇ ಬರುತ್ತದೆ. ಮಳೆ ಹಿಡಿದ ಮೇಲೆ ಸೆಕೆಯ ಹಾಡನ್ನು ಯಾರೂ ಕೇಳುವುದಿಲ್ಲವಾದ್ದರಿಂದ ಇದೇ ತಿಂಗಳ ಮಧ್ಯದೊಳಗೆ ಬಿಡುಗಡೆ ಮಾಡಬೇಕು. ನಿನ್ನೆ ಸಂಜೆ ಮಾತು ಕೊಟ್ಟಂತೆ ಅಕ್ಕನಿಗೆ ಕೇಳಿಸಿದೆವು. ಲೋಟ ತೊಳೆಯುತ್ತಲೇ ಎರಡು ಸಲ ಕೇಳಿ, ಕೈ ಒರೆಸಿಕೊಂಡು ಹೇಳಿದರು: “ಚಲೋ ಆಗಿದೆ. ಆದ್ರೆ ‘ಗಿ’ ಅಷ್ಟು ಜೋರು ಬೇಡ. ಗಿರಾಕಿಯನ್ನ ಓಡ್ಸಿದ ಹಾಗೆ ಕೇಳ್ತದೆ.”

ಅವರು ಹೇಳಿದ್ದು ಪೂರ್ತಿ ನಿಜ. ಮೊದಲ ಪೆಟ್ಟಿನ ಕಿಕ್, ಅಂದರೆ ದೊಡ್ಡ ಡ್ರಮ್ಮಿನ ಗುದ್ದು, ಆ ಅಕ್ಷರವನ್ನು ಒದ್ದ ಹಾಗೆ ಮಾಡಿತ್ತು. ಈಗ ಪಲ್ಲವಿಯ ಎಂಟು ಆವರ್ತಗಳಲ್ಲೂ ಆ ಜಾಗದ ಕಿಕ್ ತೆಗೆದು, ಗುಮಟೆಯ ಮುಚ್ಚಿದ ನಾದವನ್ನಷ್ಟೇ ಇಟ್ಟಿದ್ದೇನೆ. ‘ಹೋಗಿ’ಯನ್ನು ಇನ್ನೂ ಮೆತ್ತಗೆ ನಾಳೆ ಬೆಳಗ್ಗೆ, ಸೆಕೆ ಏರುವ ಮೊದಲು, ಮತ್ತೆ ಹಾಡಬೇಕು.