ದಿಂಬಿನಿಂದ ತಲೆ ಎತ್ತಿಸಿ ನೋಡಿ

ನಾನು ಮೊದಲು ಕೆಲಸಕ್ಕೆ ಸೇರಿದ ಊರಿನಲ್ಲಿ ಹತ್ತಿ ಹೊಲಕ್ಕೆ ಹೊಡೆಯುವ ಕೀಟನಾಶಕಕ್ಕೆ ‘ಎಣ್ಣೆ’ ಅಂತಾರೆ. ಮೊದಲ ವಾರ ಯಾರೋ ಬಂದು ‘ಎಣ್ಣಿ ಕುಡದಾನ್ರೀ’ ಅಂದಾಗ ನಾನು ಸಾರಾಯಿ ಅಂದುಕೊಂಡಿದ್ದೆ!

ಆ ಹುಡುಗ ಕತ್ತಲಲ್ಲಿ ನೀರು ಅಂದುಕೊಂಡು ಬಾಟಲಿ ಎತ್ತಿದ್ದ. ಬಾಯಲ್ಲಿ ನೊರೆ, ಸೂಜಿಮೊನೆಯಷ್ಟು ಕಣ್ಣುಪಾಪೆ, ಎದೆಯಲ್ಲಿ ಗೊರಗೊರ. ಅವನು ಕುಡಿದದ್ದು ಆರ್ಗನೋಫಾಸ್ಫೇಟ್ ಎಂಬ ಬಗೆಯ ಕೀಟನಾಶಕ. ಸರಿನ್, ಟಾಬುನ್ ಎಂಬ ಯುದ್ಧದ ವಿಷಗಳು ಇದರ ಅಣ್ಣತಮ್ಮಂದಿರೇ. 1936ರಲ್ಲಿ ಜರ್ಮನಿಯ ಗೆರ್ಹಾರ್ಡ್ ಶ್ರಾಡರ್ ಹೊಸ ಕೀಟನಾಶಕ ಹುಡುಕುತ್ತಿದ್ದಾಗ ಸಿಕ್ಕಿದ್ದು ಟಾಬುನ್. ಹೊಲದ ವಿಷ, ಯುದ್ಧದ ವಿಷ ಎರಡೂ ಕೆಡಿಸುವುದು ಒಂದೇ ಕಿಣ್ವವನ್ನು, ಅಸಿಟೈಲ್‌ಕೋಲಿನೆಸ್ಟರೇಸ್. ನರದ ಸಂದೇಶ ಮುಗಿದ ಮೇಲೆ ಅದನ್ನು ಅಳಿಸಬೇಕಾದದ್ದು ಅದೇ. ಅದು ನಿಂತರೆ ಸಂದೇಶ ನಿಲ್ಲುವುದೇ ಇಲ್ಲ.

ಬಟ್ಟೆ ಬಿಚ್ಚಿಸಿ ಮೈ ತೊಳೆಸಿದೆವು. ಐದೈದು ನಿಮಿಷಕ್ಕೆ ಅಟ್ರೋಪಿನ್ ಎಂಬ ಮದ್ದಿನ ಡೋಸ್ ದುಪ್ಪಟ್ಟು ಮಾಡುತ್ತಾ ಹೋದೆವು. ಎದೆ ಒಣಗಿತು. ಎರಡನೇ ದಿನ ಹುಡುಗ ಮಾತಾಡಿದ, ಊಟ ಕೇಳಿದ. ನಾನು ಬೀಗಿದೆ. ನಾಳೆ ವಾರ್ಡಿಗೆ ಕಳಿಸೋಣ ಅಂತ ಬರೆದೂ ಬಿಟ್ಟೆ.

ರಾತ್ರಿ ಸಿಸ್ಟರ್ ಕರೆದರು. ‘ಡಾಕ್ಟ್ರೇ, ಇವ್ನಿಗೆ ದಿಂಬಿಂದ ತಲೆ ಎತ್ತಕ್ಕೆ ಆಗ್ತಿಲ್ಲ.’ ಆಕ್ಸಿಜನ್ ಸರಿಯಿತ್ತು. ಸುಸ್ತು ಇರಬೇಕು, ಗ್ಲೂಕೋಸ್ ಹಾಕಿ ಅಂದೆ. ಸುಮ್ನೆ ಅಂದೆ, ಪರೀಕ್ಷೆ ಮಾಡಲೇ ಇಲ್ಲ. ಬೆಳಗಿನ ಜಾವಕ್ಕೆ ಉಸಿರು ಮೇಲೆ ಮೇಲೆ ಆಡತೊಡಗಿತು. ಓಡಿ ಹೋಗಿ ಟ್ಯೂಬ್ ಹಾಕಿದೆವು. ಒಂಬತ್ತು ದಿನ ವೆಂಟಿಲೇಟರ್ ಮೇಲಿದ್ದು, ಪುಣ್ಯಕ್ಕೆ ನಡೆದುಕೊಂಡೇ ಮನೆಗೆ ಹೋದ.

ಇದಕ್ಕೆ ‘ಇಂಟರ್‌ಮೀಡಿಯೆಟ್ ಸಿಂಡ್ರೋಮ್’ ಅಂತ ಹೆಸರಿದೆ. 1987ರಲ್ಲಿ ಶ್ರೀಲಂಕಾದ ಸೇನಾನಾಯಕೆ, ಕರಳಿಯದ್ದೆ ಎಂಬ ವೈದ್ಯರು ಇಂಥದ್ದೇ ರೋಗಿಗಳನ್ನು ನೋಡಿ ಬರೆದದ್ದು. ವಿಷ ಸೇರಿ ಒಂದರಿಂದ ನಾಲ್ಕು ದಿನದೊಳಗೆ ಕತ್ತು, ಭುಜ, ಆಮೇಲೆ ಉಸಿರಿನ ಸ್ನಾಯುಗಳು ಸೋಲುತ್ತವೆ. ಅಟ್ರೋಪಿನ್ ನೊರೆ, ಕಫ ಒಣಗಿಸುತ್ತದೆ, ಈ ಸ್ನಾಯುಗಳಿಗೆ ಏನೂ ಮಾಡದು. ಹಾಗಾಗಿ ಎದೆ ಒಣಗಿದ್ದನ್ನೇ ನೋಡಿ ಗೆದ್ದೆ ಅಂದುಕೊಂಡಿದ್ದೆ, ಅಲ್ವಾ? ಓದುವಾಗ ಇದೆಲ್ಲ ಓದಿದ್ದೆ. ಸಿಸ್ಟರ್ ಓದಿರಲಿಲ್ಲ, ನೋಡಿದ್ದರು.

ಮರುದಿನ ಅವರೇ ಸ್ಕೇಲ್ ಇಟ್ಟು ಚಾರ್ಟಿನಲ್ಲಿ ಇನ್ನೊಂದು ಕಾಲಂ ಎಳೆದರು: ‘ತಲೆ ಎತ್ತಿದ್ದು, ಎಷ್ಟು ಸೆಕೆಂಡು’. ಪ್ರತಿ ನಾಲ್ಕು ಗಂಟೆಗೆ. ಅದರಲ್ಲಿ ಮೊದಲ ಸಹಿ ನನ್ನ ಕೈಲೇ ಮಾಡಿಸಿದರು.